ಸ್ಕೋಪ್ ಕಾಕಾ

ನಮ್ಮ ಕಡೆ ಎಸ್ಸೆಸ್ಸೆಲ್ಸಿ ರಿಸಲ್ಟ್ ಬರುವುದು ಮದುವೆ ಹಂಗಾಮಿನ ನಟ್ಟನಡುವೆ. ಇಲಾಖೆಯವರು ಬೇಕಂತಲೇ ಹೀಗೆ ಮಾಡಿರಲಿಕ್ಕಿಲ್ಲ. ಆದರೆ ಇದರ ಪೂರ್ತಿ ಲಾಭ ಪಡೆದವರು ನಮ್ಮ ಸ್ಕೋಪ್ ಕಾಕಾ ಒಬ್ಬರೇ. ಬಾಗಲಕೋಟೆಯ ನವನಗರದಿಂದ ಇಳಕಲ್ಲಿನ ತನಕ, ಬಾದಾಮಿಯಿಂದ ಹುನಗುಂದದ ತನಕ, ಯಾವ ಕಲ್ಯಾಣ ಮಂಟಪದ ಪಂಕ್ತಿಯಲ್ಲಿ ಹತ್ತನೇತ್ತಾ ಪಾಸಾದ ಹುಡುಗ ಕೂತಿದ್ದರೂ ಅವನ ಎದುರಿನ ಎಲೆ ಕಾಕಾ ಅವರದೇ.

“ಎಷ್ಟಾತೋ ತಮ್ಮಾ?”

“ಐದುನೂರಾ ಎಪ್ಪತ್ತೆಂಟು ರೀ.”

“ಆರುನೂರಾ ಇಪ್ಪತ್ತೈದಕ್ಕ. ತೊಂಬತ್ತೆರಡು ಪಾಯಿಂಟ್ ನಾಕು ಎಂಟು. ಹೂಂ, ಮುಂದ?”

“ಸೈನ್ಸ್ ರೀ.”

“ಸೈನ್ಸ್ ಅಂತ ಎಲ್ಲಾರೂ ಅಂತಾರ. ಪಿಸಿಎಂಬಿನೋ, ಪಿಸಿಎಂಸಿನೋ?”

ಹುಡುಗ ತಲೆ ತಗ್ಗಿಸುತ್ತಾನೆ. ಎಲೆಯ ಮೇಲಿನ ಗೋಧಿ ಹುಗ್ಗಿ ಆರುತ್ತದೆ. ತುಪ್ಪ ಹಿಡಿದು ನಿಂತ ನೀಡುವವನೂ ಉತ್ತರಕ್ಕಾಗಿ ಕಾಯುತ್ತಾನೆ. ಅವನ ಮನೆಯಲ್ಲೂ ಒಬ್ಬ ಹತ್ತನೇತ್ತಾ ಇದ್ದಾನು.

ಕಾಕಾಗೆ ತಂದೆತಾಯಿ ಇಟ್ಟ ಒಳ್ಳೆಯ ಹೆಸರೊಂದಿದೆ. ಅದು ರೇಷನ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ. ಮಾತಿಗೊಮ್ಮೆ “ಅದಕ್ಕ ಭಾಳ ಸ್ಕೋಪ್ ಐತಿ” ಅನ್ನುವುದರಿಂದ ಮಕ್ಕಳು ಇಟ್ಟ ಹೆಸರೇ ನಿಂತಿತು. ಸಂಬಂಧದಲ್ಲಿ ನಮ್ಮಪ್ಪನ ಚಿಕ್ಕಪ್ಪನ ಮಗ. ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತಿಕೆಯಿಂದ ಶುರುಮಾಡಿ ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ಬೂದು ಬಣ್ಣದ ಸಫಾರಿ, ಜೇಬಿನಲ್ಲಿ ಎರಡು ಬಣ್ಣದ ಪೆನ್ನು, ಕೈಯಲ್ಲೊಂದು ಚೀಲ. ಚೀಲದಲ್ಲಿ ಹಿಂದಿನ ವರ್ಷಗಳ ಸಿಇಟಿ ಕಟ್‌ಆಫ್ ಪಟ್ಟಿಗಳು. ಕಾಗದಕ್ಕೆ ಮಾತ್ರ ಅವರು ದುಡ್ಡು ಹಾಕಿದವರಲ್ಲ. ಲಗ್ನಪತ್ರಿಕೆಯ ಬೆನ್ನು ಇರುವುದೇ ಗೆರೆ ಎಳೆಯಲಿಕ್ಕೆ ಎಂದು ಅವರ ನಂಬಿಕೆ. ನನ್ನದೇ ಲಗ್ನಪತ್ರಿಕೆಯ ಬೆನ್ನ ಮೇಲೆ ನನ್ನ ಹೆಂಡತಿಯ ತಮ್ಮನ ಭವಿಷ್ಯ ಇದೆ.

ಗೆರೆ ಎಳೆದ ಮೇಲೆ ಕಾಕಾನ ಪಾಠ. ಪಿಯುಸಿಗೆ ಎರಡು ಭಾಷೆ, ನಾಲ್ಕು ವಿಷಯ, ಒಟ್ಟು 600 ಅಂಕ. ಬಯಾಲಜಿ ಇದ್ದರೆ ಡಾಕ್ಟರ್ ಬಾಗಿಲು ತೆರೆದಿರುತ್ತದೆ, ಆದರೆ ಅಲ್ಲಿ ನೀಟ್ ಕಾಯುತ್ತಿರುತ್ತದೆ. ಗಣಿತ ಇದ್ದರೆ ಎಂಜಿನಿಯರಿಂಗ್. ಅಲ್ಲಿ ಸಿಇಟಿ ಅಂಕ ಅರ್ಧ, ಪಿಯುಸಿಯ ಪಿಸಿಎಂ ಅಂಕ ಅರ್ಧ ಕೂಡಿಸಿ ರ‍್ಯಾಂಕ್. ಬಯಾಲಜಿ ಜಾಗದಲ್ಲಿ ಕಂಪ್ಯೂಟರ್ ತಗೊಂಡರೆ ಪಿಸಿಎಂಸಿ. ಕಾಮರ್ಸಿಗೆ ಒಂದೇ ಕಾಲಂ. ಆರ್ಟ್ಸಿಗೆ ಕಾಲಂ ಇಲ್ಲ. ಆ ಜಾಗದಲ್ಲಿ ವಧೂವರರ ಹೆಸರಿನ ಅಚ್ಚು ಆಚೆ ಮಗ್ಗುಲಿನಿಂದ ಉಬ್ಬಿ ಕಾಣುತ್ತಿರುತ್ತದೆ.

ನ್ಯಾಯವಾಗಿ ಹೇಳಬೇಕೆಂದರೆ ಕಾಕಾನ ಲೆಕ್ಕ ತಪ್ಪುವುದಿಲ್ಲ. ಕಾಲ ತಪ್ಪುತ್ತದೆ. ಆಲಮಟ್ಟಿ ಹಿನ್ನೀರಿಗೆ ಹಳೇ ಬಾಗಲಕೋಟೆಯ ಮನೆಗಳು ಹೋಗುತ್ತವೆ, ನವನಗರ ಏಳುತ್ತದೆ ಎಂದಾದಾಗ ಅವರು ಕಂಡಕಂಡವರಿಗೆ ಸಿವಿಲ್ ಹಚ್ಚಿದರು. ಸೆಕ್ಟರ್‌ಗಟ್ಟಲೆ ಊರು ಕಟ್ಟಬೇಕು, ಸಿವಿಲ್‌ಗೆ ಸ್ಕೋಪ್ ಇಲ್ಲವೆ? ಹುಡುಗರು ಓದಿ ಹೊರಬೀಳುವಷ್ಟರಲ್ಲಿ ಮನೆಗಳಿಗೆ ಬಣ್ಣ ಹಚ್ಚುವುದೂ ಮುಗಿದಿತ್ತು. ಗೋವಿಂದೇಗೌಡರು ಶಿಕ್ಷಣ ಮಂತ್ರಿಯಾಗಿ ಅಂಕದ ಮೇಲೆ ಮಾಸ್ತರರನ್ನು ತಗೊಂಡದ್ದನ್ನು ಕಂಡು ಮನೆತನದ ಹೆಣ್ಣುಮಕ್ಕಳಿಗೆಲ್ಲ ಟಿಸಿಎಚ್ ಅಂದರು. ಮುಂದೆ ಅದೇ ಡಿ.ಇಡಿ. ಆಯಿತು, ಓಣಿಗೊಂದು ಕಾಲೇಜು ಎದ್ದಿತು, ಆಮೇಲೆ ಒಂದೊಂದೇ ಬಾಗಿಲು ಹಾಕಿತು. ಇಳಕಲ್ಲಿನ ಕೆಂಪು ಗ್ರಾನೈಟ್ ಹಡಗು ಹತ್ತಿದಾಗ ಜಿಯಾಲಜಿ ಅಂದರು. ಈಗ ಡೇಟಾ ಸೈನ್ಸ್ ಮತ್ತು ಎ.ಐ. ಇವುಗಳಲ್ಲಿ ಏನು ಕಲಿಸುತ್ತಾರೆಂದು ಕೇಳಿದವನಿಗೆ “ಕಲ್ಸೋದು ಕಾಲೇಜಿನವ್ರ ಕೆಲಸ. ನಂದು ಸ್ಕೋಪ್ ಹೇಳೋದು” ಎಂದರು.

ನನಗೆ ಬಿ.ಕಾಂ. ಮಾಡಿಸಿದವರೂ ಅವರೇ. ಅದರ ಫಲವಾಗಿ ನಾನಿವತ್ತು ಪತ್ರಿಕೆಗಳಿಗೆ ಬರೆಯುತ್ತೇನೆ, ನನ್ನ ಟ್ಯಾಕ್ಸ್ ರಿಟರ್ನನ್ನು ಇನ್ನೊಬ್ಬರು ತುಂಬುತ್ತಾರೆ.

ಹುನಗುಂದದ ಕಡೆ ಹಳ್ಳಿಯ ದಾಳಿಂಬೆ ತೋಟದ ಹುಡುಗನ ಸಂಗತಿ ನನಗೆ ಇನ್ನೂ ಚುಚ್ಚುತ್ತದೆ. ಗಿಡದ ಎಲೆಯ ಚುಕ್ಕೆ ನೋಡಿ ರೋಗ ಹೇಳುವ ಹುಡುಗ. ಬಾಗಲಕೋಟೆಯಲ್ಲೇ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯ ಇದೆ. ರೈತರ ಮಕ್ಕಳಿಗೆ ಕೃಷಿಕರ ಕೋಟಾ ಇದೆ, ಅದಕ್ಕೆ ಬೇರೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಅಂಥ ಪರೀಕ್ಷೆಯಲ್ಲಿ ಆ ಹುಡುಗನೇ ಮಾಸ್ತರರಿಗೆ ನಾಲ್ಕು ಮಾತು ಹೇಳಿಬರುತ್ತಿದ್ದ. ಆದರೆ ಬಯಾಲಜಿ ಓದಿರಬೇಕಿತ್ತು. ಕಾಕಾ ಅವನಿಗೆ ಪಿಸಿಎಂಸಿ ಕೊಡಿಸಿದ್ದರು. ಅವನೀಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಮುಂದೆ ಕೂತು ಒಳ್ಳೆಯ ಪಗಾರ ಎಣಿಸುತ್ತಾನೆ. ಅಪ್ಪ ಎಲೆಯ ಫೋಟೊ ತೆಗೆದು ವಾಟ್ಸ್‌ಆ್ಯಪಿನಲ್ಲಿ ಅವನಿಗೇ ಕಳಿಸಿ ಔಷಧಿ ಕೇಳುತ್ತಾನೆ. ಕಾಕಾನ ದಫ್ತರದಲ್ಲಿ ಇದು “ಸಕ್ಸೆಸ್” ಖಾತೆಯಲ್ಲಿದೆ. ಅಲ್ಲ ಅನ್ನಲಿಕ್ಕೂ ನನಗೆ ಧೈರ್ಯವಿಲ್ಲ. ಆ ಪಗಾರದಲ್ಲೇ ತಂಗಿಯ ಮದುವೆ ಆಗಿದೆ.

ಇಳಕಲ್ಲಿಗೆ ಹೋದರೆ ಕಾಕಾನದು ಬೇರೆಯೇ ಸಂಕಟ. ಊರು ದಾಟಿ ಹೆದ್ದಾರಿ ಹಿಡಿದರೆ ಸ್ವಲ್ಪ ಹೊತ್ತಿಗೆ ಕೊಪ್ಪಳ ಜಿಲ್ಲೆ, ಕುಷ್ಟಗಿ. ಅಲ್ಲಿಯವರಿಗೆ 2013ರಿಂದ 371(ಜೆ) ಮೀಸಲಾತಿ ಇದೆ, ಬಾಗಲಕೋಟೆ ಜಿಲ್ಲೆಗೆ ಇಲ್ಲ. ಹೆಣ್ಣು ಕೊಟ್ಟು ತಂದ ಬಳಗ ಎರಡೂ ಕಡೆ ಹರಡಿಕೊಂಡಿದೆ. ಅಣ್ಣನ ಮಗನಿಗೆ ಸಿಗದ ಸೀಟು ತಂಗಿಯ ಮಗನಿಗೆ ಸಿಕ್ಕಾಗ ಕಾಕಾ ಊಟ ಬಿಟ್ಟದ್ದೂ ಉಂಟು. ಆಮೇಲೆ ಅದಕ್ಕೂ ಒಂದು ದಾರಿ ಹುಡುಕಿದರು. ಇಳಕಲ್ಲಿನ ಮನೆಗೆ ಸೊಸೆಯಾಗಿ ಬಂದ ಕುಷ್ಟಗಿ ಹುಡುಗಿಯೊಬ್ಬಳ ಸೀಮಂತದಲ್ಲಿ, ಹೆಂಗಸರ ನಡುವೆ ಹೋಗಿ ನಿಂತು, “ಬಾಣಂತನ ತವರಿನ್ಯಾಗೇ ಆಗ್ಲಿ. ಕೂಸು ಹುಟ್ಟಾಕ ಅಲ್ಲೇ ಸ್ಕೋಪ್ ಐತಿ” ಎಂದರು. ಹಾಡುತ್ತಿದ್ದ ಮುತ್ತೈದೆಯರು ಹಾಡು ನಿಲ್ಲಿಸಿ ಸೆರಗು ಬಾಯಿಗಿಟ್ಟುಕೊಂಡರು.

ಇನ್ನು ಬಾದಾಮಿ. ಅಲ್ಲಿ ನಮ್ಮಕ್ಕನ ಮನೆ. ಅಕ್ಕನ ಮಗಳಿಗೆ ಚಿಕ್ಕಂದಿನಿಂದ ಕಲ್ಲಿನ ಮೇಲಿನ ಅಕ್ಷರದ ಹುಚ್ಚು. ಮನೆಗೆ ಯಾರೇ ನೆಂಟರು ಬರಲಿ, ಚಹಾ ಕುಡಿಯುವ ಮೊದಲೇ ಕೈಹಿಡಿದು ಎಳೆದುಕೊಂಡು ತಟ್ಟುಕೋಟಿಯ ಬಂಡೆಗೆ ಹೋಗಿ ಕಪ್ಪೆ ಅರಭಟ್ಟನ ಶಾಸನ ತೋರಿಸುವವಳು. ಒಂದನೇ ಪುಲಕೇಶಿ 543ರಲ್ಲಿ ಕೋಟೆ ಕಟ್ಟಿಸಿದ ಶಾಸನ ಎಲ್ಲಿದೆ ಎಂದು ಕೇಳಿದರೆ ಗುಡ್ಡದ ಕಡೆ ಬೆರಳು ಮಾಡುತ್ತಾಳೆ, ನಿನ್ನೆ ತಾನೇ ಬರೆಸಿದ್ದೇನೋ ಅನ್ನುವ ಹಾಗೆ. ಅವಳು ಒಳ್ಳೆಯ ಅಂಕದಲ್ಲಿ ಪಾಸಾದಳೆಂಬ ಸುದ್ದಿ ಮುಟ್ಟಿದ್ದೇ ತಡ, ಯಾರೂ ಕರೆಯದಿದ್ದರೂ ಕಾಕಾ ಮರುದಿನ ಅಮೀನಗಡದ ಕರದಂಟಿನ ಡಬ್ಬಿ ಹಿಡಿದು ಬಾದಾಮಿಯಲ್ಲಿ ಇಳಿದರು. ನಾನೂ ಅಲ್ಲಿದ್ದೆ. ಇದ್ದು ಏನೂ ಉಪಯೋಗವಾಗಲಿಲ್ಲ. ನಾನು ಕರದಂಟು ತಿನ್ನುತ್ತಿದ್ದೆ.

“ಏನವ್ವಾ, ಏನು ತಗೋತಿ?”

“ಆರ್ಟ್ಸ್ ರೀ ಅಜ್ಜಾ. ಹಿಸ್ಟರಿ.”

ಕಾಕಾ ಕಿವಿಯ ಹತ್ತಿರ ಕೈ ತಂದರು. ಅವಳು ಮತ್ತೊಮ್ಮೆ ಹೇಳಿದಳು.

“ತಗೊಂಡು ಏನ್ ಮಾಡ್ತಿ?”

“ಶಾಸನ ಓದ್ತೀನ್ರಿ.”

“ಅವನ್ನ ಈಗಾಗಲೇ ಓದ್ಯಾರಲ್ಲವ್ವಾ, ಬುಕ್ಕೂ ಬಂದಾವು. ಓದಿದ್ದನ್ನ ಮತ್ತ ಓದಾಕ ಪಗಾರ ಯಾರು ಕೊಡ್ತಾರ?”

“ರವಿಕೀರ್ತಿಗೆ ಇಮ್ಮಡಿ ಪುಲಕೇಶಿ ಕೊಟ್ಟಿರಲಿಲ್ಲೇನ್ರಿ?”

“ಪುಲಕೇಶಿ ಕಾಲಕ್ಕ ನೀಟ್ ಇರಲಿಲ್ಲ.”

ಇಲ್ಲಿ ಒಂದು ಮಾತು. ಐಹೊಳೆಯ ಮೇಗುಟಿ ಗುಡಿಯ ಮೇಲೆ 634ರಲ್ಲಿ ಕೊರೆಸಿದ ಶಾಸನದಲ್ಲಿ ರವಿಕೀರ್ತಿ ತನ್ನನ್ನು ಕಾಳಿದಾಸ, ಭಾರವಿಯರ ಸಾಲಿಗೆ ಸೇರಿಸಿಕೊಂಡಿದ್ದಾನೆ. ನಮ್ಮ ಜಿಲ್ಲೆಯಲ್ಲಿ ಬಯೋಡೇಟಾ ಬರೆಯುವವರು ಬಹಳ, ಕಲ್ಲಿನ ಮೇಲೆ ಬರೆಸಿದವನು ಅವನೊಬ್ಬನೇ ಇದ್ದಾನು. ಅದೂ ಯಾವ ಕಾಂಬಿನೇಶನ್ನಿನಲ್ಲಿ ಎಂದು ಕಾಕಾನನ್ನು ಕೇಳಬೇಕೆನಿಸಿತು, ಆದರೆ ಬಾಯಲ್ಲಿ ಅಂಟು ಇತ್ತು.

ಕಾಕಾ ರಾಜಿ ಪಂಚಾಯಿತಿಗೆ ಇಳಿದರು. ಪಿಸಿಎಂಬಿ ತಗೊಂಡು ಹಿಸ್ಟರಿ ಮನೆಯಲ್ಲಿ ಓದಬಹುದು. ಧಾರವಾಡದಲ್ಲೋ ಮೂಡಬಿದಿರೆಯಲ್ಲೋ ಹಾಸ್ಟೆಲ್ ಹಾಕಿದರೆ ನೀಟ್, ಸಿಇಟಿ ಎರಡೂ ಅಲ್ಲೇ ಅರೆದು ಕುಡಿಸುತ್ತಾರೆ. ಕನ್ನಡ ಬಿಟ್ಟು ಸಂಸ್ಕೃತ ತಗೋ, ನೂರಕ್ಕೆ ನೂರು ಬೀಳುತ್ತದೆ, ಉತ್ತರವನ್ನ ಕನ್ನಡದಾಗೇ ಬರೆಯಬಹುದು. ಸಂಸ್ಕೃತವನ್ನು ಕನ್ನಡದ ಅಕ್ಷರದಲ್ಲಿ ಬರೆಯುವ ಸೌಲಭ್ಯ ಐಹೊಳೆಯಲ್ಲಿ ರವಿಕೀರ್ತಿಗೂ ಇತ್ತೆಂದು ಹುಡುಗಿ ಮೆಲ್ಲಗೆ ಅಂದಳು. ಯಾರೂ ನಗಲಿಲ್ಲ. ಭಾವ ಅಂಗಡಿಯ ಕೀಲಿ ತಿರುವುತ್ತ ಹೂಂಗುಟ್ಟುತ್ತಿದ್ದ. ಅಕ್ಕ ಅಡಿಗೆ ಮನೆ ಬಾಗಿಲಲ್ಲಿ ನಿಂತು, ಮಗಳ ಮಾರಿ ಒಮ್ಮೆ, ಕಾಕಾನ ಮಾರಿ ಒಮ್ಮೆ ನೋಡುತ್ತಿದ್ದಳು. ಅವಳಿಗೆ ಕಾಕಾ ಟಿಸಿಎಚ್ ಮಾಡಿಸಿದ್ದರು.

ಆಗ ಹುಡುಗಿ, ಸಿಟ್ಟಿನಿಂದಲ್ಲ, ತಿಳಿಯಬೇಕೆಂದೇ ಕೇಳಿದಳು: “ನೀವ್ ಏನು ತಗೊಂಡಿದ್ರಿ ಅಜ್ಜಾ?”

“ಆರ್ಟ್ಸ್.”

ಇಷ್ಟು ವರ್ಷದಲ್ಲಿ ನಮ್ಮಲ್ಲೊಬ್ಬರೂ ಇದನ್ನು ಕೇಳಿರಲಿಲ್ಲ. ಎಪ್ಪತ್ತರ ದಶಕ. ಇಳಕಲ್ಲಿನಲ್ಲಿ ಅವರ ಅಪ್ಪ ಕುಣಿ ಮಗ್ಗದಲ್ಲಿ ಕೂತಿದ್ದ. ಒಡಲಿನ ಹಾಸಿಗೆ ಸೆರಗಿನ ಹಾಸು ಕೊಂಡಿ ಹಾಕಿ ಕೂಡಿಸಿ ತೋಪ್ ತೆನಿಯ ಸೀರೆಗೆ ಕೈಹಚ್ಚಿದ್ದನಂತೆ, ಸಾವಕಾರನಿಗೆ ಮಾತು ಕೊಟ್ಟ ದಿನ ಹತ್ತಿರ ಬಂದಿತ್ತು. ಅದಕ್ಕೆ ಮಗನ ಕೈಗೆ ಬಸ್ ಚಾರ್ಜು ಕೊಟ್ಟು ಕಾಲೇಜಿಗೆ ಹೆಸರು ಹಚ್ಚಿ ಬಾ ಎಂದು ಒಬ್ಬನನ್ನೇ ಬಾಗಲಕೋಟೆಗೆ ಕಳಿಸಿದ. ಅಲ್ಲಿ ನೋಡಿದರೆ ಎರಡು ಕಿಟಕಿ, ಎರಡು ಪಾಳಿ. ಸೈನ್ಸಿನ ಪಾಳಿ ಬೇವಿನ ಗಿಡದ ತನಕ ಹೋಗಿತ್ತು.

“ಸಂಜಿ ಬಸ್ ತಪ್ಪಿದ್ರ ಮಲಗಾಕ ಆ ಊರಾಗ ನನಗ ಯಾರ ಮನಿನೂ ಗೊತ್ತಿರಲಿಲ್ಲ. ಆರ್ಟ್ಸ್ ಪಾಳಿ ಸಣ್ಣದಿತ್ತು. ನಿಂತೆ.”

ಆಮೇಲೆ ಅವರು ಕಷ್ಟಪಟ್ಟು ಓದಿದ್ದು, ಒಳ್ಳೆಯ ಅಂಕ ತೆಗೆದದ್ದು, ನೌಕರಿ ಹಿಡಿದದ್ದು ನಮಗೆ ಗೊತ್ತಿತ್ತು. ಹಳೇ ಬಾಗಲಕೋಟೆಯಲ್ಲಿ ಕೊಂಡ ಮನೆ ಮುಳುಗಡೆಯಾದದ್ದೂ ಗೊತ್ತಿತ್ತು. ಪಾಳಿಯ ಮಾತು ಗೊತ್ತಿರಲಿಲ್ಲ. ಜಾತಿ-ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಯಲ್ಲಿ ಯಾರ ಮಕ್ಕಳು ನಿಂತಿದ್ದರೂ ಈ ಮನುಷ್ಯ ಯಾಕೆ ಹೋಗಿ ಹಿಂದೆ ನಿಲ್ಲುತ್ತಿದ್ದರು, ಗ್ರಾಮೀಣ ಕೋಟಾದ ಫಾರಂ, ಕನ್ನಡ ಮಾಧ್ಯಮದ ಫಾರಂ ಎಂದು ಹೆಡ್‌ಮಾಸ್ತರರ ಸಹಿಗಾಗಿ ಉರಿಬಿಸಿಲಿನಲ್ಲಿ ಯಾಕೆ ಸೈಕಲ್ ತುಳಿದು ಹಳ್ಳಿಗೆ ಹೋಗುತ್ತಿದ್ದರು ಎಂದು ನಾವು ವಿಚಾರ ಮಾಡಿದವರೇ ಅಲ್ಲ. ಕೆಲಸವಿಲ್ಲದ ಮುದುಕ ಎಂದು ನಕ್ಕಿದ್ದೆವು. ಓದಿದವರಿಲ್ಲದ ಮನೆಗಳಲ್ಲಿ ಫಾರಂ ಅಂದರೆ ಇವತ್ತಿಗೂ ಹೆದರಿಕೆ. ತಪ್ಪು ಸಲಹೆಯಾದರೂ ಸರಿ, ಜೊತೆಗೆ ನಿಲ್ಲುವವರು ಒಬ್ಬರು ಇರಲಿ ಎನ್ನುವ ಮಂದಿ ನಮ್ಮ ಜಿಲ್ಲೆಯಲ್ಲಿ ಬಹಳ ಇದ್ದಾರೆ. ಇದನ್ನು ಬರೆಯುವಾಗ ನನ್ನ ಸಿಟ್ಟು ಸಡಿಲಾಗುತ್ತಿದೆ, ಆದ್ದರಿಂದ ಇನ್ನೊಂದು ಹೇಳಿಬಿಡುತ್ತೇನೆ: ಆವತ್ತು ಬಾದಾಮಿಯಿಂದ ಹೊರಡುವಾಗ ಉಳಿದ ಕರದಂಟನ್ನು ಡಬ್ಬಿಸಮೇತ ವಾಪಸು ಚೀಲಕ್ಕೆ ಹಾಕಿಕೊಂಡರು. ಇಳಕಲ್ಲಿನಲ್ಲಿ ಇನ್ನೊಬ್ಬ ಹುಡುಗಿ ಪಾಸಾಗಿದ್ದಳಂತೆ.

ಆ ಹುಡುಗಿಯ ಮನೆಯಲ್ಲೂ ಮಗ್ಗ. ಅವಳಿಗೆ ನೇಯ್ಗೆಯ ವಿನ್ಯಾಸ ಕಲಿಯಬೇಕು. ಗದಗಿನಲ್ಲಿ ಕೈಮಗ್ಗ ತಂತ್ರಜ್ಞಾನದ ಸಂಸ್ಥೆ ಇದೆ, ಡಿಪ್ಲೊಮಾ ಕೊಡುತ್ತಾರೆ ಎಂದು ನಾನೇ ಫೋನ್ ಮಾಡಿ ಕಾಕಾಗೆ ಹೇಳಿದೆ. “ಮಗ್ಗದಾಗಿಂದ ಎದ್ದು ಬರ್ಲಿ ಅಂತ ನಾ ಇಷ್ಟ ವರ್ಷ ಬಡಕೊಂಡೀನಿ, ನೀ ಮತ್ತ ಕುಣ್ಯಾಗ ಕುಂಡ್ರಸ್ತಿ” ಎಂದು ಬೈದು ಫೋನ್ ಇಟ್ಟರು. ಹುಡುಗಿ ಕಾಮರ್ಸ್ ಓದುತ್ತಿದ್ದಾಳೆ.

ಬಾದಾಮಿಯ ಹುಡುಗಿ ಮಾತ್ರ ಎಚ್‌ಇಪಿಎಸ್ ತಗೊಂಡಳು. ಹಿಸ್ಟರಿ, ಎಕನಾಮಿಕ್ಸ್, ಪೊಲಿಟಿಕಲ್ ಸೈನ್ಸ್, ಸೋಶಿಯಾಲಜಿ. ಹೆಸರು ಹಚ್ಚುವ ದಿನ ಕಾಕಾ ಬಾಗಲಕೋಟೆಯಿಂದ ಮೊದಲ ಬಸ್ಸಿಗೆ ಬಂದು ಕಾಲೇಜಿನ ಕಿಟಕಿಯ ಮುಂದೆ ನಿಂತಿದ್ದರಂತೆ. ಪಾಳಿಯೇ ಇರಲಿಲ್ಲ. ಆದರೂ ಇವಳ ಮುಂದೆ ತಾವೊಬ್ಬರು ನಿಂತು ಪಾಳಿ ಮಾಡಿದರು.

ಈಗ ಅವಳು ಸೆಕೆಂಡ್ ಪಿಯುಸಿ. ಕಾಕಾ ಆಗಲೇ ಧಾರವಾಡಕ್ಕೆ ಹೋಗಿ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರಾಚೀನ ಭಾರತೀಯ ಇತಿಹಾಸ ಮತ್ತು ಶಾಸನಶಾಸ್ತ್ರದ ವಿಭಾಗ ಎಲ್ಲಿದೆ, ಎಂ.ಎ. ಹಾಸ್ಟೆಲಿನ ಊಟ ಹೇಗಿದೆ ಎಂದೆಲ್ಲ ನೋಡಿಕೊಂಡು ಬಂದಿದ್ದಾರೆ. ಹುಡುಗಿ ಇನ್ನೂ ಬಿ.ಎ.ಗೇ ಸೇರಿಲ್ಲ. ಮೊನ್ನೆ ರಾತ್ರಿ ಮಲಗುವ ಹೊತ್ತಿಗೆ ನನಗೆ ಫೋನ್ ಮಾಡಿದರು. ದನಿ ಸ್ವಲ್ಪ ಸಣ್ಣದು ಮಾಡಿದ್ದರು.

“ಅಲ್ಲೋ ತಮ್ಮಾ, ಈ ಎಪಿಗ್ರಫಿ ಅಂದ್ರ ಖರೇ ಏನು? ಹುನಗುಂದದಾಗ ಇಬ್ಬರಿಗೆ, ನವನಗರದಾಗ ಒಬ್ಬನಿಗೆ ಹೇಳಿಬಿಟ್ಟೀನಿ, ಭಾಳ ಸ್ಕೋಪ್ ಐತಿ ಅಂತ.”