ಮುಚ್ಚಳವೊಂದನ್ನು ಬಿಟ್ಟು ಎಲ್ಲ ಬಿಚ್ಚಿದರು

ಕೇರಳದಲ್ಲಿ ಹುಲ್ಲು ಬೆಳೆಸಲು ಯಾರೂ ಬೆವರು ಸುರಿಸಬೇಕಾಗಿಲ್ಲ. ಜೂನ್‌ನಲ್ಲಿ ಒಂದು ಮಳೆಗಾಲ, ಅದು ಬಾಕಿ ಉಳಿಸಿದ್ದನ್ನು ತೀರಿಸಲು ಅಕ್ಟೋಬರಿನಲ್ಲಿ ತುಲಾವರ್ಷ. ಹುಲ್ಲಿಗಿರುವ ಮರ್ಯಾದೆಯೋ, ಕೇಳಬೇಡಿ. 2018ರಲ್ಲಿ ಕೊಚ್ಚಿಯ ಕಲೂರು ಸ್ಟೇಡಿಯಂನ ಫುಟ್ಬಾಲ್ ಹುಲ್ಲನ್ನು ಅಗೆದು ಕ್ರಿಕೆಟ್ ಪಿಚ್ ಮಾಡುತ್ತಾರಂತೆ ಎಂಬ ಸುದ್ದಿಗೇ ಫುಟ್ಬಾಲ್ ಭಕ್ತರು ಸಿಡಿದೆದ್ದರು. ವೆಸ್ಟ್ ಇಂಡೀಸ್ ಜೊತೆಗಿನ ಏಕದಿನ ಪಂದ್ಯ ಗಂಟುಮೂಟೆ ಕಟ್ಟಿಕೊಂಡು ತಿರುವನಂತಪುರದ ಕಾರ್ಯವಟ್ಟಕ್ಕೆ ಹೋಯಿತು.

ಇಂಥ ಹುಲ್ಲನ್ನು ಕತ್ತರಿಸಲು ಕೂತು ಓಡಿಸುವ ಯಂತ್ರವೊಂದಿದೆ. ಅದನ್ನು ಏರಿದ ಮಾಲಿಯ ಗತ್ತು ಕಾಲು ಗಂಟೆಯದ್ದು. ಮೈದಾನದ ನಟ್ಟನಡುವೆ, ನೆರಳೇ ಇಲ್ಲದ ಜಾಗ ನೋಡಿಕೊಂಡು, ಯಂತ್ರ ಕೆಮ್ಮಿ ನಿಲ್ಲುತ್ತದೆ. ಹತ್ತು ನಿಮಿಷ ಬಿಟ್ಟು ಕೀಲಿ ತಿರುಗಿಸಿದರೆ ಏನೂ ಆಗಿಲ್ಲವೆಂಬಂತೆ ಶುರು! ಮತ್ತೆ ಕಾಲು ಗಂಟೆ, ಮತ್ತೆ ಕೆಮ್ಮು.

ಅಷ್ಟರಲ್ಲಿ ಚೇಟ್ಟನ್‌ಗಳು, ಅಂದರೆ ಊರಿನ ಅಣ್ಣಂದಿರು, ಸೇರಿರುತ್ತಾರೆ. ಒಬ್ಬ ಪ್ಲಗ್ ಎನ್ನುತ್ತಾನೆ, ಇನ್ನೊಬ್ಬ ಕಾಯಿಲ್. ಗಲ್ಫ್‌ನಿಂದ ಮರಳಿದವನು, ಅಲ್ಲಿ ಇಂಥದ್ದನ್ನೆಲ್ಲ ರಿಪೇರಿ ಮಾಡುವುದಿಲ್ಲ, ಬಿಸಾಡುತ್ತಾರೆ ಎನ್ನುತ್ತಾನೆ. 1988ರ 'ವೆಳ್ಳಾನಗಳುಡೆ ನಾಡ್' ಸಿನಿಮಾದಲ್ಲಿ ಕುದಿರವಟ್ಟಂ ಪಪ್ಪು ಮಾಡಿದ ರೋಡ್ ರೋಲರ್ ಮೆಕ್ಯಾನಿಕ್ ಈಗಲೂ ಕೇರಳದ ಎಲ್ಲ ಮೆಕ್ಯಾನಿಕ್‌ಗಳ ಕುಲಗುರು. ಆತ್ಮವಿಶ್ವಾಸಕ್ಕೂ ರಿಪೇರಿಗೂ ಸಂಬಂಧವಿರಲೇಬೇಕೆಂದಿಲ್ಲ ಎಂದು ಅಂದೇ ತೋರಿಸಿಕೊಟ್ಟವರು.

ಯಾರೂ ಮುಟ್ಟದ ವಸ್ತು ಒಂದೇ: ಪೆಟ್ರೋಲ್ ಟ್ಯಾಂಕಿನ ಮುಚ್ಚಳ. ಅದರಲ್ಲೊಂದು ಸೂಜಿಮೊನೆಯಷ್ಟು ತೂತಿರುತ್ತದೆ. ಪೆಟ್ರೋಲ್ ಖಾಲಿಯಾದಂತೆ ಆ ಜಾಗಕ್ಕೆ ಗಾಳಿ ಬರಬೇಕಲ್ಲ! ಹುಲ್ಲಿನ ಪುಡಿಯೋ, ಗೂಡಿಗೆ ಜಾಗ ಹುಡುಕುತ್ತಿದ್ದ ಕಣಜದ ಮಣ್ಣೋ ಅದನ್ನು ಮುಚ್ಚಿತೆನ್ನಿ, ಟ್ಯಾಂಕಿನೊಳಗೆ ನಿರ್ವಾತ ಬೆಳೆದು ಪೆಟ್ರೋಲನ್ನು ಹಿಡಿದುಕೊಳ್ಳುತ್ತದೆ. ಯಂತ್ರ ನಿಂತಾಗ ಗಾಳಿ ಹೇಗೋ ನುಸುಳುತ್ತದೆ, ಆಮೇಲೆ ಶುರುವಾಗುತ್ತದೆ. ಇದನ್ನೇ 'ಓವರ್ ಹೀಟ್' ಎಂದು ಹೇಳಿ ದುಡ್ಡು ಎಣಿಸಿಕೊಂಡವರಿದ್ದಾರೆ. ಯಂತ್ರ ನಿಂತ ತಕ್ಷಣ ಮುಚ್ಚಳ ಸಡಿಲಿಸಿ. 'ಉಸ್' ಎಂದಿತೋ, ಕಳ್ಳ ಸಿಕ್ಕ.

ಹಾಗಂತ ಎಲ್ಲ ಪಾಪವನ್ನೂ ಮುಚ್ಚಳದ ತಲೆಗೆ ಕಟ್ಟಬೇಡಿ. ಹಳೆಯ ಬಜಾಜ್ ಚೇತಕ್ ಸ್ಕೂಟರಿನ ಟ್ಯಾಂಕ್ ಎತ್ತರದಲ್ಲಿತ್ತು, ಪೆಟ್ರೋಲ್ ತಾನಾಗಿ ಇಳಿಯುತ್ತಿತ್ತು. ಮುನಿಸಿಕೊಂಡರೆ ಒಂದು ಪಕ್ಕಕ್ಕೆ ವಾಲಿಸಿ ಒದ್ದರೆ ಸಾಕಿತ್ತು. ಈ ಯಂತ್ರವನ್ನು ವಾಲಿಸಲು ಹೋದರೆ ಸೊಂಟಕ್ಕೆ ಕೊಟ್ಟಕ್ಕಲ್ ತೈಲವೇ ಗತಿ. ಇದರ ಟ್ಯಾಂಕ್ ಎಷ್ಟೋ ಮಾದರಿಗಳಲ್ಲಿ ಸೀಟಿನ ಕೆಳಗೆ, ಎಂಜಿನ್ ಇರುವುದು ಮುಂದೆ. ಎಂಜಿನ್ನಿನ ಹೊಟ್ಟೆಯೊಳಗಿನ ಒತ್ತಡದ ಏರಿಳಿತದಿಂದಲೇ ನಡೆಯುವ ಪುಟ್ಟ ಪಂಪು ಪೆಟ್ರೋಲನ್ನು ಎಳೆದು ತರುತ್ತದೆ. ಆ ಒತ್ತಡ ತರುವ ರಬ್ಬರ್ ಕೊಳವೆ ಬಿರುಕು ಬಿಟ್ಟರೆ ಪಂಪು ಇದ್ದೂ ಇಲ್ಲ. ಹಲವು ಯಂತ್ರಗಳಲ್ಲಿ ಕಾರ್ಬ್ಯುರೇಟರ್ ಬುಡದಲ್ಲಿ ಸೊಲೆನಾಯ್ಡ್ ಒಂದಿರುತ್ತದೆ. ಕೀಲಿ ತಿರುಗಿಸಿದಾಗ 'ಟಕ್' ಎನ್ನದಿದ್ದರೆ ಪೆಟ್ರೋಲಿಗೆ ಬಾಗಿಲೇ ತೆರೆದಿಲ್ಲ.

ಇನ್ನು ಮಳೆಯ ತಮಾಷೆ. ಹುಲ್ಲು ಹುಚ್ಚೆದ್ದು ಬೆಳೆಯುವಾಗಲೇ ನೆಲ ಕೆಸರು, ಯಂತ್ರ ಶೆಡ್ಡಿನಲ್ಲಿ ರಜೆ. ಈಗಿನ ಪೆಟ್ರೋಲಿನಲ್ಲಿ 20 ಪ್ರತಿಶತದವರೆಗೆ ಎಥೆನಾಲ್. ಅದಕ್ಕೆ ನೀರೆಂದರೆ ಪ್ರಾಣ, ಕೊಚ್ಚಿಯ ಗಾಳಿಗೆ ನೀರು ಹಂಚುವುದೆಂದರೆ ಸಂಭ್ರಮ. ನೀರು ಅತಿಯಾದರೆ ಎಥೆನಾಲ್ ಅದರ ಕೈಹಿಡಿದು ಟ್ಯಾಂಕಿನ ತಳ ಸೇರುತ್ತದೆ. ಕಾರ್ಬ್ಯುರೇಟರಿನಲ್ಲಿ ಉಳಿದ ಪೆಟ್ರೋಲ್ ಆವಿಯಾಗಿ ಜೆಟ್ಟಿನ ತೂತಿಗೆ ಅಂಟು ಬಳಿಯುತ್ತದೆ. ರಜೆಗೆ ಮುನ್ನ ಟ್ಯಾಂಕ್ ಬರಿದು ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿದರೆ ಇದಾವುದೂ ಇಲ್ಲ. ಆದರೆ ಟ್ಯಾಂಕಿನಿಂದ ಪೆಟ್ರೋಲ್ ತೆಗೆಯಿರಿ ಎಂದರೆ ಮಾಲಿಯ ಮೇಲೆಯೇ ಸಂಶಯ ಬರುವ ಕಾಲ.

ಬುದ್ಧಿವಂತ ಮೆಕ್ಯಾನಿಕ್‌ಗೆ ಇದೆಲ್ಲ ಗೊತ್ತಿಲ್ಲವೆಂದುಕೊಂಡಿರಾ? 'ಉಸ್' ಎಂದಾಗಲೇ ಅವನಿಗೆ ತಿಳಿದಿದೆ. ಆದರೆ ಒಂದು ಗುಂಡುಸೂಜಿ ಚುಚ್ಚಿದ್ದಕ್ಕೆ ಐನೂರು ಕೊಡುವ ಯಜಮಾನ ಕೊಚ್ಚಿಯಲ್ಲೂ ಇಲ್ಲ, ಕಾಸರಗೋಡಿನಲ್ಲೂ ಇಲ್ಲ. ಅದಕ್ಕೇ ಆತ ಮುಚ್ಚಳವನ್ನು ಸದ್ದಿಲ್ಲದೆ ಸರಿಮಾಡಿ, ಕೈಯೊರಸಿಕೊಂಡು, ಗಂಭೀರವಾಗಿ ಕೇಳುತ್ತಾನೆ: "ಹಳೆಯ ಮನೋರಮಾ ಪೇಪರ್ ಇದೆಯಾ ಸಾರ್? ಕಾರ್ಬ್ಯುರೇಟರ್ ಬಿಚ್ಚಿ ಹರಡಬೇಕು."