ದೊರೆಯ ಫೋಟೋದ ಕೆಳಗೆ

ತಮಿಳುನಾಡಿನ ಕಂಬಂ ಕಣಿವೆಯಲ್ಲಿ ಇಂಜಿನಿಯರ್ ಅಂದರೆ ದೇವರು. ಬಾಯಿಮಾತಿಗೆ ಹೇಳುತ್ತಿಲ್ಲ. ಪಡುವಣಕ್ಕೆ ಹರಿದುಹೋಗುತ್ತಿದ್ದ ಪೆರಿಯಾರ್ ನೀರನ್ನು ಅಣೆಕಟ್ಟಿನಲ್ಲಿ ನಿಲ್ಲಿಸಿ, ಬೆಟ್ಟ ಕೊರೆದು, 1895ರಲ್ಲಿ ಈ ಕಡೆಗೆ ತಿರುಗಿಸಿಕೊಟ್ಟ ಪೆನ್ನಿಕ್ವಿಕ್ ದೊರೆಯ ಫೋಟೋ ಇಲ್ಲಿ ಮುರುಗನ ಪಕ್ಕದಲ್ಲೇ ತೂಗುತ್ತದೆ. ಜನವರಿ 15, ಅವನ ಹುಟ್ಟುಹಬ್ಬ. ಅವನ ಹೆಸರಲ್ಲಿ ಪೊಂಗಲ್ ಉಕ್ಕುತ್ತದೆ. ಇಂಥ ಊರಲ್ಲಿ ಮನೆಯ ಹುಡುಗಿ ಸಿವಿಲ್ ಇಂಜಿನಿಯರಿಂಗ್ ಸೇರಿದರೆ ಅವಳ ಗತಿ ಏನು?

ನಮ್ಮ ಇಂಜಿನಿಯರಮ್ಮನನ್ನು ನೀವೂ ಕಂಡಿರುತ್ತೀರಿ. ಭಾನುವಾರ ಸಂಜೆ ದಿಂಡಿಗಲ್ ಬಸ್ಸಿನಲ್ಲಿ, ಎರಡೂ ಭುಜಕ್ಕೆ ಪಿನ್ನು ಹಾಕಿದ ದುಪಟ್ಟಾ, ಮಡಿಲಲ್ಲಿ ಉಪ್ಪಿನಕಾಯಿ ಡಬ್ಬ, ಕಂಕುಳಲ್ಲಿ ಡ್ರಾಯಿಂಗ್ ಶೀಟಿನ ಉದ್ದನೆ ಕೊಳವೆ. ಚಿನ್ನಮನೂರಿನಿಂದ ವತ್ತಲಗುಂಡಿನವರೆಗೆ ಆ ಕೊಳವೆ ಯಾರ ಪಕ್ಕೆಗೆ ತಿವಿದಿಲ್ಲ! ಮನೆಯಲ್ಲಿ ಒಕ್ಕಲಿಗರ ಹಳೆಯ ಕನ್ನಡ, ಬೀದಿಯಲ್ಲಿ ತಮಿಳು, ವೈವಾದಲ್ಲಿ ಇಂಗ್ಲಿಷು. ಕನ್ನಡ ಅಕ್ಷರ ಮಾತ್ರ ಅವಳಿಗೆ ಬಾರದು. ನನ್ನ ಪುಸ್ತಕವನ್ನು ತಿರುಗಿಸಿ ನೋಡಿ, "ಜಿಲೇಬಿ ಥರ ಚೆನ್ನಾಗಿದೆ ಅಣ್ಣಾ" ಅಂದಳು. ನನ್ನ ಪುಸ್ತಕಕ್ಕೆ ಬಂದ ಅತ್ಯುತ್ತಮ ವಿಮರ್ಶೆ ಅದೇ.

ಸರ್ವೆ ತರಗತಿಯಲ್ಲಿ ಥಿಯೊಡೊಲೈಟು ಹುಡುಗರ ಕೈಗೆ, ಫೀಲ್ಡ್ ಬುಕ್ಕು ಇವಳ ಕೈಗೆ. ಅಕ್ಷರ ದುಂಡಗಿದೆಯಲ್ಲ! ಲೆಕ್ಕ ತಪ್ಪಿದರೆ ಮಾತ್ರ ಆ ಉಪಕರಣವನ್ನೂ ಇವಳೇ ಹಿಡಿದಿದ್ದಳು ಎಂದು ಎಲ್ಲರಿಗೂ ನೆನಪಾಗುತ್ತದೆ. 1943ರಲ್ಲಿ ಮದರಾಸಿನ ಗಿಂಡಿ ಕಾಲೇಜಿನಿಂದ ಎ. ಲಲಿತಾ ಮತ್ತು ಜೊತೆಯವರು ಅಲ್ಲಿನ ಮೊದಲ ಹುಡುಗಿಯರಾಗಿ ಪದವಿ ಪಡೆದಾಗ, ಅಚ್ಚಾಗಿದ್ದ ಸರ್ಟಿಫಿಕೇಟಿನಲ್ಲಿ 'ಹಿ' ಹೊಡೆದುಹಾಕಿ 'ಶಿ' ಎಂದು ಬರೆದುಕೊಟ್ಟರಂತೆ. ಇವಳ ಖಾಕಿ ವರ್ಕ್‌ಶಾಪ್ ಕೋಟು ಇನ್ನೂ 'ಹಿ'ಯದೇ. ತೋಳು ನಾಲ್ಕು ಸುತ್ತು ಮಡಿಸಬೇಕು. ಹಾಸ್ಟೆಲಿಗೆ ಆರು ಗಂಟೆಗೇ ಬೀಗ. ದಿಂಡಿಗಲ್ ಬೀಗಕ್ಕೆ 2019ರಲ್ಲಿ ಜಿಐ ಮಾನ್ಯತೆ ಸಿಕ್ಕಿತು. ಅದರ ಕೀರ್ತಿ ಹುಡುಗರ ಹಾಸ್ಟೆಲಿಗೆ ಮಾತ್ರ ಇನ್ನೂ ತಲುಪಿಲ್ಲ.

ಮನೆಯಲ್ಲಿ ದೊಡ್ಡ ಗೊಂದಲ 'ಅರಿಯರ್' ಎಂಬ ಪದದ್ದು. ನೌಕರಿಯಲ್ಲಿ ಅದು ಬಾಕಿ ಸಂಬಳ, ಕಾಲೇಜಿನಲ್ಲಿ ಫೇಲಾದ ವಿಷಯ. ಸರ್ಕಾರಿ ನೌಕರಿಯ ಮಾವನಿಗೆ ಅರಿಯರ್ ಬಂದಾಗ ಮನೆಗೆ ಒಂದು ಕಿಲೋ ಮೈಸೂರುಪಾಕ್ ಬಂದಿತ್ತು. ಮೊದಲ ಸೆಮಿಸ್ಟರಿನಲ್ಲಿ ತನಗೂ ಎರಡು ಅರಿಯರ್ ಬಂದಿದೆ ಎಂದು ಇವಳು ಅಳುತ್ತ ಫೋನು ಮಾಡಿದಾಗ ಅಜ್ಜಿ ಬೀದಿಗೆಲ್ಲ ಹಂಚಿಬಿಟ್ಟಳು, ಸುದ್ದಿಯನ್ನೂ, ಮಿಠಾಯಿಯನ್ನೂ.

ಅತ್ತೆಯ ಚಿಂತೆ ಬೇರೆ. "ಸೈಟಿಗೆ ಹೋದರೆ ಬಿಸಿಲಿಗೆ ಕಪ್ಪಾಗ್ತೀಯೆ, ಯಾರು ಕಟ್ಟಿಕೊಳ್ತಾರೆ?" ಈ ಮಾತು ಹೇಳಿದ್ದು, ನೆತ್ತಿ ಸುಡುವ ಬಿಸಿಲಲ್ಲಿ ಟೊಮೇಟೊ ಕಿತ್ತು ಬಂದು ಮುಖ ತೊಳೆಯುತ್ತ.

ಹೋದ ಪೊಂಗಲಿಗೆ ನಾನು ಅವರ ಮನೆಯಲ್ಲಿದ್ದೆ. ಚಟ್ನಿ ಅರೆಯುವಾಗ ಮಿಕ್ಸಿ ನಿಂತುಹೋಯಿತು. ಮನೆಮಂದಿಯೆಲ್ಲ ಅವಳತ್ತ ತಿರುಗಿದರು. "ನಂದು ಸಿವಿಲ್" ಅಂದಳು. ಯಾರೂ ಕೇಳಿಸಿಕೊಳ್ಳಲಿಲ್ಲ. ಮಿಕ್ಸಿ ಮಗುಚಿ, ಅಡಿಯಲ್ಲಿದ್ದ ಕೆಂಪು ಗುಂಡಿ ಒತ್ತಿದಳು, ಗರ್ರೆಂದಿತು. ಅಜ್ಜಿ ಕಣ್ಣೊರೆಸಿಕೊಂಡು, ಕರ್ಪೂರ ಹಚ್ಚಿ, ನೇರ ಹೋಗಿ ದೊರೆಯ ಫೋಟೋಗೆ ಬೆಳಗಿದಳು.

ಇವಳು ಏನೂ ಅನ್ನದೆ ಚಟ್ನಿ ಬಗ್ಗಿಸಿದಳು. ಆರತಿ ಮುಗಿಸಿ ಬಂದ ಅಜ್ಜಿ ಪಕ್ಕದಲ್ಲಿ ಕೂತು, ದನಿ ತಗ್ಗಿಸಿ ಕೇಳಿದಳು:

"ಪಾಪಾ, 142 ಅಡಿ ನೀರು ನಿಲ್ಲಿಸಿದರೆ ದೊರೆ ಕಟ್ಟಿದ ಡ್ಯಾಮು ತಡೆಯಲ್ಲ ಅಂತ ಕೇರಳದವರು ಅಂತಾರಂತೆ. ನಾಳೆ ಹೆಂಗೂ ರಜಾ. ಒಂದು ಗಳಿಗೆ ಹೋಗಿ ನೋಡಿಕೊಂಡು ಬಾರವ್ವ."