ಫ್ಯಾಮಿಲಿ ಅಂದರೆ ಎಷ್ಟು ಜನ?

ಜುಲೈ ಬಂತೆಂದರೆ ಸಿಡ್ನಿಯಲ್ಲಿ ಚಳಿ, ಶಾಲೆಗಳಿಗೆ ಎರಡು ವಾರ ರಜೆ, ಊರಿಂದ ವಿಸಿಟರ್ ವೀಸಾದಲ್ಲಿ ಬಂದ ಅಜ್ಜಿ-ತಾತ ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡು ಹೀಟರಿನ ಮುಂದೆ. ಕನ್ನಡದ ಮನೆಗಳಲ್ಲಿ ಫಿಜಿಯ ಮಾತು ಏಳುವುದು ಆಗಲೇ. ಲೆಕ್ಕವೇನೂ ತಪ್ಪಲ್ಲ. ನಾಲ್ಕು ಗಂಟೆಯ ವಿಮಾನ. ಮೇ ತಿಂಗಳಿಂದ ಅಕ್ಟೋಬರಿನವರೆಗೆ ಅಲ್ಲಿ ಮಳೆ ಕಮ್ಮಿ, ಬಿಸಿಲು ಹದ. ಇಳಿಯುವ ಊರನ್ನು ಬರೆಯುವುದು ‘ನಾಡಿ’ ಅಂತ, ಕರೆಯುವುದು ‘ನಾಂದಿ’ ಅಂತ. ಫಿಜಿಯವರ ಬರವಣಿಗೆಯಲ್ಲಿ ಡಕಾರದ ಬೆನ್ನಿಗೆ ಒಂದು ಅನುಸ್ವಾರ ಕಾಣದಂತೆ ಕೂತಿರುತ್ತದೆ. ನಾಂದಿಯಿಲ್ಲದೆ ಮದುವೆ ಮುಂಜಿಗೆ ಕೈಹಾಕದ ನಮ್ಮವರಿಗೆ ಇದಕ್ಕಿಂತ ಒಳ್ಳೆಯ ಶಕುನ ಬೇಕೆ? ಅಲ್ಲಿಂದ ಟ್ಯಾಕ್ಸಿಯಲ್ಲಿ ಸ್ವಲ್ಪ ದೂರಕ್ಕೆ ಡೆನರಾವ್. ಒಂದು ಕಾಲಕ್ಕೆ ಕಾಂಡ್ಲಾ ಗಿಡಗಳ ಜೌಗು ನೆಲ. ಈಗ ಸಾಲು ಸಾಲು ರೆಸಾರ್ಟು, ಗಾಲ್ಫ್ ಮೈದಾನ, ದೋಣಿಕಟ್ಟೆ. ದ್ವೀಪ ಅನ್ನುವುದು ಹೆಸರಿಗೆ ಮಾತ್ರ, ಒಂದು ಗಿಡ್ಡ ಸೇತುವೆ ದಾಟಿದರೆ ಕಾರು ಸೀದಾ ಒಳಕ್ಕೆ. ದಡದ ಮರಳು ಬೂದು ಬಣ್ಣದ್ದು. ಕ್ಯಾಲೆಂಡರಿನಲ್ಲಿ ಕಾಣುವ ಬಿಳಿ ಮರಳು ಬೇಕಾದವರು ಮಮನುದ ದ್ವೀಪಗಳ ದೋಣಿ ಹತ್ತಬೇಕು. ಆದರೂ ಎಲ್ಲರೂ ಇಲ್ಲಿಗೇ ಬರುತ್ತಾರೆ, ಯಾಕೆಂದರೆ ಬುಕಿಂಗ್ ಪುಟದಲ್ಲಿ ದಪ್ಪಕ್ಷರದಲ್ಲಿ ಬರೆದಿರುತ್ತದೆ: ‘ಫ್ಯಾಮಿಲಿ ಫ್ರೆಂಡ್ಲಿ’.

ಈ ಎರಡು ಪದಗಳ ಮೇಲೆ ನನ್ನ ತಕರಾರಿದೆ. ರೆಸಾರ್ಟಿನ ಪ್ರಕಾರ ಫ್ಯಾಮಿಲಿ ಅಂದರೆ ದೊಡ್ಡವರು ಇಬ್ಬರು, ಹನ್ನೆರಡರೊಳಗಿನ ಮಕ್ಕಳು ಇಬ್ಬರು. ಫ್ರೆಂಡ್ಲಿ ಅಂದರೆ ಆ ನಾಲ್ವರನ್ನೂ ಬೆಳಗಾಗುವುದರೊಳಗೆ ನಗುನಗುತ್ತಾ ನಾಲ್ಕು ದಿಕ್ಕಿಗೆ ಕಳಿಸುವುದು. ಮಕ್ಕಳಿಗೆ ಕಿಡ್ಸ್ ಕ್ಲಬ್ಬು: ಅಲ್ಲಿ ತೆಂಗಿನ ಗರಿಯ ಟೋಪಿ, ಏಡಿ ಓಟದ ಪಂದ್ಯ, ಮುಖದ ಮೇಲೆ ಮೀನಿನ ಚಿತ್ರ. ದೊಡ್ಡವರಿಗೆ ಮಕ್ಕಳ ಪ್ರವೇಶವಿಲ್ಲದ ಪ್ರತ್ಯೇಕ ಈಜುಕೊಳ. ಹೆಂಡತಿಗೆ ಸ್ಪಾ, ಗಂಡನಿಗೆ ಗಾಲ್ಫು. ಸಂಜೆ ಗಂಡ-ಹೆಂಡತಿ ಮೊಂಬತ್ತಿಯ ಬೆಳಕಿನಲ್ಲಿ ಊಟಕ್ಕೆ ಹೋಗಬೇಕೆನ್ನಿಸಿದರೆ ಕೂಸನ್ನು ನೋಡಿಕೊಳ್ಳಲು ಆಯಾ ಸಿಗುತ್ತಾಳೆ. ಫಿಜಿಯಲ್ಲಿ ಆಯಾಗೆ ‘ಮೇಮೇ’ ಅನ್ನುತ್ತಾರೆ. ಕುರಿಮರಿಯ ದನಿಯಂತೆ ಕೇಳಿಸುವ ಈ ಹೆಸರನ್ನು ಅಜ್ಜಿಯ ಮುಂದೆ ಎತ್ತಿದರೆ ಸಾಕು, ‘ನಾನಿಲ್ಲಿ ಕಂಬದ ಹಾಗೆ ಇರುವಾಗ ಮಗುವಿಗೆ ಮೇಮೇ ಬೇರೆ ಬೇಕಂತೆ’ ಎಂದು ಆ ಅಧ್ಯಾಯ ಅಲ್ಲಿಗೇ ಮುಗಿಯುತ್ತದೆ. ಒಟ್ಟಿನಲ್ಲಿ ರೆಸಾರ್ಟು ಎಂಬುದು ಸಂಸಾರವನ್ನು ಮೆಲ್ಲಗೆ, ನೋವಾಗದಂತೆ ಬಿಡಿಸಿಡುವ ಯಂತ್ರ. ನಮ್ಮ ಸಂಸಾರಗಳು ಬರುವುದು ಏಳೆಂಟು ತಲೆ ಒಟ್ಟಾಗಿ, ಬಿಡಿಸಿದರೆ ಬಿಡಿಸಿಕೊಳ್ಳದ ಕೊಬ್ಬರಿಮಿಠಾಯಿಯ ಹಾಗೆ. ಆ ಒಂದು ವಾರ ಯಂತ್ರಕ್ಕೂ ಮಿಠಾಯಿಗೂ ನಡೆಯುವ ಜಗ್ಗಾಟದಲ್ಲಿ ಸರಿ ಇರುವುದು ಮಿಠಾಯಿಯೇ ಎಂಬುದು ನನ್ನ ವಾದ.

ಜಗ್ಗಾಟ ಶುರುವಾಗುವುದು ಬೆಳಗಿನ ತಿಂಡಿಯ ಹಾಲಿನಲ್ಲಿ. ಜುಲೈ ತಿಂಗಳಲ್ಲಿ ಫಿಜಿಯ ಗಡಿಯಾರ ಸಿಡ್ನಿಗಿಂತ ಎರಡು ಗಂಟೆ ಮುಂದಿರುತ್ತದೆ, ಅಂದರೆ ಬಫೆ ಬಾಗಿಲು ಹಾಕುವ ಹತ್ತೂವರೆ ನಮ್ಮ ಹೊಟ್ಟೆಗೆ ಇನ್ನೂ ಎಂಟೂವರೆ. ಹತ್ತೂಕಾಲಿಗೆ ಒಂದು ಮೆರವಣಿಗೆ ಬರುತ್ತದೆ. ಮುಂದೆ ಮಕ್ಕಳು, ಹಿಂದೆ ಅಪ್ಪ, ಆಮೇಲೆ ಅಜ್ಜಿಯ ಕೈ ಹಿಡಿದ ಸೊಸೆ, ಕಟ್ಟಕಡೆಗೆ ಗೋಡೆಯ ಮೇಲಿನ ಫೋಟೋಗಳನ್ನೆಲ್ಲ ಓದುತ್ತಾ ಬರುವ ತಾತ. ಜೊತೆಗೆ ಮೆಲ್ಬರ್ನಿನಿಂದ ಅದೇ ವಾರಕ್ಕೆ ಬುಕ್ ಮಾಡಿಕೊಂಡು ಬಂದ ಭಾವನ ಮನೆಯವರು. ಮೇಜುಗಳು ನಾಲ್ಕು ನಾಲ್ಕು ಕುರ್ಚಿಯವು. ‘ಎಷ್ಟು ಜನ?’ ಎಂದು ಬಾಗಿಲಲ್ಲಿ ನಿಂತ ಹುಡುಗಿ ಕೇಳುತ್ತಾಳೆ. ಉತ್ತರ ಒಬ್ಬೊಬ್ಬರದು ಒಂದೊಂದು, ಯಾಕೆಂದರೆ ತೊಡೆಯ ಮೇಲೆ ಕೂರುವ ಕೂಸನ್ನು ಎಣಿಸಬೇಕೋ ಬೇಡವೋ ಎಂಬುದು ಇನ್ನೂ ತೀರ್ಮಾನವಾಗಿರುವುದಿಲ್ಲ. ಎರಡು ಕಡೆ ಕೂರಬಹುದು ಎಂಬ ಆಕೆಯ ಸಲಹೆ ಯಾರ ಕಿವಿಗೂ ಬೀಳುವುದಿಲ್ಲ. ಮೂರು ಮೇಜುಗಳು ಕರಕರ ಸದ್ದು ಮಾಡುತ್ತಾ ಒಂದಾಗುತ್ತವೆ. ಕೂತ ಮೇಲಾದರೂ ತಮ್ಮ ತಟ್ಟೆಗೆ ತಾವು ಬಡಿಸಿಕೊಂಡು ಬಂದರೆ ಅದು ಬಫೆ. ನಮ್ಮಲ್ಲಿ ಹಾಗಲ್ಲ, ಎಲ್ಲರೂ ಎಲ್ಲರಿಗೂ ತರುತ್ತಾರೆ. ಮಾವನಿಗೆ ಪಪ್ಪಾಯಿ ತಂದ ಸೊಸೆ ತನ್ನ ಟೋಸ್ಟು ಮರೆಯುತ್ತಾಳೆ, ಅವಳಿಗೆ ಟೋಸ್ಟು ತರಲು ಹೋದ ಗಂಡ ಆಮ್ಲೆಟ್ಟಿನ ಸಾಲಿನಲ್ಲಿ ಸಿಕ್ಕಿಕೊಳ್ಳುತ್ತಾನೆ, ಅವನನ್ನು ಕರೆಯಲು ಹೋದ ಮಗ ಮೂರು ಬಗೆಯ ಕೇಕು ತರುತ್ತಾನೆ. ಮೇಜಿನ ಮೇಲೆ ಒಂದು ಸಣ್ಣ ಸಮಾರಾಧನೆ.

ಊಟದ ವಿಷಯಕ್ಕೆ ಬಂದರೆ ಫಿಜಿ ನಮಗೆ ಪರದೇಶವೇ ಅಲ್ಲ. ಅಲ್ಲಿಯವರ ಮುಖ್ಯ ಆಹಾರ ‘ದಾಲೋ’, ಅಂದರೆ ನಮ್ಮ ಕೆಸುವಿನ ಗೆಡ್ಡೆಯ ಜಾತಿಯದು. ಅದರ ಎಲೆಯನ್ನು ತೆಂಗಿನ ಹಾಲಿನಲ್ಲಿ ಬೇಯಿಸಿದರೆ ‘ರೋರೋ’. ತೆಂಗಿನ ಹಾಲಿಗೆ ‘ಲೋಲೋ’. ಮಲೆನಾಡಿನಿಂದಲೋ ಕರಾವಳಿಯಿಂದಲೋ ಬಂದ ಅಜ್ಜಿಯೊಬ್ಬರು ಈ ರೋರೋ ಪಾತ್ರೆಯ ಮುಂದೆ ನಿಲ್ಲುವ ಭಂಗಿಯನ್ನು ನೋಡಬೇಕು. ಮುಚ್ಚಳ ಎತ್ತಿ, ಮೂಗು ಹತ್ತಿರ ತಂದು, ಚಮಚದ ತುದಿಯಲ್ಲಿ ಒಂದಿಷ್ಟು ತೆಗೆದು ಬೆಳಕಿಗೆ ಹಿಡಿಯುತ್ತಾರೆ. ಪತ್ರೊಡೆ ಮಾಡಿ ಮಾಡಿ ಕೈ ಸವೆದವರಿಗೆ ಕೆಸುವಿನ ಎಲೆ ಕಂಡೊಡನೆ ಬರುವುದು ಒಂದೇ ಪ್ರಶ್ನೆ: ‘ಹುಳಿ ಹಾಕಿದ್ದಾರೇನೇ? ಇಲ್ಲದಿದ್ದರೆ ಗಂಟಲು ತುರಿಸುತ್ತೆ’. ಸೊಸೆ ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಾಳೆ, ಅಡುಗೆಯವನು ಚೆನ್ನಾಗಿ ಬೇಯಿಸಿದ್ದೇವೆ ಎಂದು ಕೈಸನ್ನೆ ಮಾಡುತ್ತಾನೆ, ಅಜ್ಜಿ ತಲೆಯಾಡಿಸುತ್ತಾರೆ. ಇಬ್ಬರು ಕಸಬುದಾರರ ಮಾತುಕತೆಗೆ ಭಾಷೆ ಹೆಚ್ಚು ಬೇಕಾಗುವುದಿಲ್ಲ.

ಇದೆಲ್ಲ ದುಡ್ಡು ವಸೂಲಿಯ ಬುದ್ಧಿ, ಅದಕ್ಕೆ ಸಂಸಾರಪ್ರೀತಿಯ ಲೇಪ ಬಳಿಯಬೇಡಿ ಎನ್ನುವವರಿದ್ದಾರೆ. ಒಂದು ರೂಮಿನಲ್ಲಿ ಆರು ಜನ, ಪೆಟ್ಟಿಗೆಯಲ್ಲಿ ಅವಲಕ್ಕಿ, ಎಂಟಿಆರ್ ಪುಡಿಯ ಪೊಟ್ಟಣ, ಮೂರು ಡಬ್ಬಿ ಚಟ್ನಿಪುಡಿ. ನಾಂದಿಯ ವಿಮಾನ ನಿಲ್ದಾಣದಲ್ಲಿ ತುಂಬಬೇಕಾದ ಫಾರಂನಲ್ಲಿ ‘ಆಹಾರ ಪದಾರ್ಥ ಇದೆಯೇ’ ಎಂಬ ಸಾಲಿನ ಮುಂದೆ ಪೆನ್ನು ಹಿಡಿದು ಗಂಡ-ಹೆಂಡತಿ ನಡೆಸುವ ಪಿಸುಮಾತಿನ ಜಗಳ ವಸೂಲಿಯಲ್ಲದೆ ಇನ್ನೇನು ಎಂದು ಅವರು ಕೇಳುತ್ತಾರೆ. (‘ಹೌದು’ ಎಂದೇ ಬರೆಯಬೇಕು. ಆ ಸಮುದ್ರದಲ್ಲಿರುವ ದೇಶಗಳು ಹುಳಹುಪ್ಪಟೆಯ ವಿಷಯದಲ್ಲಿ ತಮಾಷೆ ಮಾಡುವುದಿಲ್ಲ, ಮರಳುವಾಗ ಸಿಡ್ನಿಯವರಂತೂ ಇನ್ನೂ ಬಿಗಿ.) ವಸೂಲಿ ಇದೆ, ಇಲ್ಲ ಎನ್ನಲಾರೆ. ಆದರೆ ನಿಜವಾದ ಜಿಪುಣ ಏಳು ಟಿಕೆಟ್ಟು ಕೊಳ್ಳುವುದಿಲ್ಲ. ಅಜ್ಜಿ-ತಾತನನ್ನು ಮನೆಯಲ್ಲಿ ಬಿಟ್ಟು, ಮಕ್ಕಳು ಪುಕ್ಕಟೆ ಉಣ್ಣುವ ಪ್ಯಾಕೇಜಿನಲ್ಲಿ ನಾಲ್ವರೇ ಹೋಗಿ ಬರುವುದು ಎಷ್ಟೋ ಅಗ್ಗ. ರೆಸಾರ್ಟಿನ ಬೆಲೆಪಟ್ಟಿ ಬರೆದಿರುವುದೇ ಆ ನಾಲ್ವರಿಗಾಗಿ. ಐದನೆಯ ತಲೆಯಿಂದ ಮುಂದೆ ಪ್ರತಿಯೊಂದೂ ನಷ್ಟದ ಬಾಬತ್ತು. ಆ ನಷ್ಟವನ್ನು ಕಣ್ಣಾರೆ ಕಂಡು, ಕ್ರೆಡಿಟ್ ಕಾರ್ಡಿನ ಮೇಲೆ ಹೇರಿಕೊಂಡು ಬಂದವರು ಆಮೇಲೆ ಹೋಟೆಲಿನ ಎರಡು ಸೋಪು ಜೇಬಿಗಿಳಿಸಿದರೆ ಅದು ಮನಸ್ಸಿನ ಸಮಾಧಾನಕ್ಕೆ ಮಾಡುವ ಶಾಂತಿಹೋಮ, ಅಷ್ಟೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ, ಅದನ್ನು ಎತ್ತುವವರು ಹೆಂಗಸರು. ‘ಎಲ್ಲರೂ ಒಟ್ಟಿಗಿರುವುದು ಚೆಂದ, ಸರಿ. ಆ ಅವಲಕ್ಕಿ ಕಲಸುವವರು ಯಾರು? ಒದ್ದೆ ಟವೆಲ್ಲು ಹಿಂಡುವವರು ಯಾರು? ಮನೆಯಲ್ಲಿ ಮಾಡಿದ್ದನ್ನೇ ಸಮುದ್ರದ ದಡದಲ್ಲಿ ಮಾಡುವುದಕ್ಕೆ ಫಿಜಿ ಯಾಕೆ?’ ಇದಕ್ಕೆ ನನ್ನಲ್ಲಿರುವುದು ಅರ್ಧ ಉತ್ತರ ಮಾತ್ರ. ಅಡುಗೆಮನೆ ಇರುವ ವಿಲ್ಲಾ ಬಾಡಿಗೆಗೆ ಹಿಡಿದವರಿಗಂತೂ ಯಾವ ಉತ್ತರವೂ ಇಲ್ಲ. ಕುಕ್ಕರು, ಬಾಣಲೆ, ನಾಲ್ಕು ಉರಿಯ ಒಲೆ ಇಟ್ಟು ‘ನಿಮ್ಮ ಮನೆಯಂತೆಯೇ’ ಎಂದು ಜಾಹೀರಾತು ಕೊಡುವ ಆ ವಿಲ್ಲಾಗಳಷ್ಟು ದೊಡ್ಡ ಮೋಸ ಮತ್ತೊಂದಿಲ್ಲ. ಮೂರನೆಯ ದಿನಕ್ಕೆ ಅಲ್ಲಿ ಹುಳಿ, ಪಲ್ಯ, ಮೊಸರನ್ನ, ಸೊಂಟನೋವು ಎಲ್ಲವೂ ತಯಾರು. ತಗೊಳ್ಳಬೇಕಾದದ್ದು ಬರೀ ಕೆಟಲ್ ಇರುವ ರೂಮು. ಕೆಟಲಿನಲ್ಲಿ ಆಗುವುದು ಎಷ್ಟು? ಪೊಟ್ಟಣದ ಉಪ್ಪಿಟ್ಟಿಗೆ ಬಿಸಿನೀರು, ತಾತನ ಕಾಫಿ. ಅದಕ್ಕಿಂತ ಮುಂದೆ ಹೋಗಲು ಚಾವಣಿಗಂಟಿದ ಹೊಗೆ ಅಲಾರಂ ಬಿಡುವುದಿಲ್ಲ. ಸಾಸಿವೆ ಸಿಡಿದರೆ ಸಾಕು, ಇಡೀ ಕಟ್ಟಡ ಹುಲ್ಲುಹಾಸಿನ ಮೇಲೆ ಬಂದು ನಿಲ್ಲಬೇಕಾದೀತು. ಒಗ್ಗರಣೆಯಿಂದ ಕನ್ನಡದ ಹೆಂಗಸರಿಗೆ ವಾರದ ಮಟ್ಟಿಗೆ ಬಿಡುಗಡೆ ಕೊಡಿಸಿದ್ದು ಯಾವ ಚಳವಳಿಯೂ ಅಲ್ಲ, ಅಂಗೈಯಗಲದ ಆ ಬಿಳಿ ಡಬ್ಬಿ. ಟವೆಲ್ಲಿನ ಪ್ರಶ್ನೆ ಮಾತ್ರ ಹಾಗೆಯೇ ಉಳಿಯುತ್ತದೆ. ಗಂಡಸರು ಹಿಂಡಬೇಕು.

ಆದರೂ ಮಕ್ಕಳನ್ನು ಕಿಡ್ಸ್ ಕ್ಲಬ್ಬಿಗೆ ಬಿಟ್ಟು ತಾಯಿ ಎರಡು ಗಂಟೆ ಕಾಲು ಚಾಚಿದರೆ ತಪ್ಪೇನು? ಏನೂ ಇಲ್ಲ, ಬಿಡುತ್ತಾರೆ ಕೂಡ. ಬಿಟ್ಟ ಮುಕ್ಕಾಲು ಗಂಟೆಗೆ ಕಿಟಕಿಯ ಹೊರಗೆ ಅಪ್ಪ ಇಣುಕುತ್ತಿರುತ್ತಾನೆ, ಒಂದು ಗಂಟೆಗೆ ಅಜ್ಜಿ ಬಾಳೆಹಣ್ಣು ಹಿಡಿದು ಬಂದಿರುತ್ತಾರೆ. ಪಕ್ಕದ ಆರಾಮಕುರ್ಚಿಯ ಗೋರಾ ದಂಪತಿಗೆ ಇದು ಮಕ್ಕಳನ್ನು ಸ್ವತಂತ್ರವಾಗಿ ಬೆಳೆಸಲು ಬಾರದವರ ಚಡಪಡಿಕೆಯಂತೆ ಕಾಣುತ್ತದೆ. ಕಾರಣ ಬೇರೆಯೇ ಇದೆ, ಅದು ಫಿಜಿಯಲ್ಲಿಲ್ಲ, ಸಿಡ್ನಿಯಲ್ಲಿದೆ. ಹೊರನಾಡಿನ ಸಂಸಾರ ವರ್ಷದ ಉಳಿದ ದಿನವೆಲ್ಲ ಬಿಡಿಬಿಡಿಯಾಗಿಯೇ ಬಾಳುತ್ತದೆ. ಬೆಳಿಗ್ಗೆ ಏಳಕ್ಕೆ ಕೂಸು ಚೈಲ್ಡ್‌ಕೇರಿಗೆ, ದೊಡ್ಡದು ಶಾಲೆ ಮುಗಿದ ಮೇಲೆ ಆಫ್ಟರ್ ಸ್ಕೂಲ್ ಕೇರಿಗೆ, ಗಂಡ ರೈಲಿನಲ್ಲಿ, ಹೆಂಡತಿ ಇನ್ನೊಂದು ರೈಲಿನಲ್ಲಿ, ಅಜ್ಜಿ-ತಾತ ದಾವಣಗೆರೆಯಲ್ಲೋ ಮೈಸೂರಿನಲ್ಲೋ ವಾಟ್ಸಾಪಿನ ಚೌಕದೊಳಗೆ. ಮಕ್ಕಳನ್ನು ಬಿಟ್ಟಿರುವುದು ಅವರಿಗೆ ಐಷಾರಾಮವಲ್ಲ, ವಾರದ ದಿನಚರಿ. ಅದಕ್ಕಾಗಿ ತಿಂಗಳು ತಿಂಗಳು ಬಿಲ್ಲು ಕಟ್ಟಿಯೇ ಬಂದಿರುತ್ತಾರೆ. ಹಗಲೆಲ್ಲ ಮಕ್ಕಳೊಂದಿಗಿರುವ ಮನೆಗಳಿಗೆ ರಜೆಯೆಂದರೆ ಸ್ವಲ್ಪ ದೂರ, ಹಗಲೆಲ್ಲ ದೂರವಿರುವ ಮನೆಗಳಿಗೆ ರಜೆಯೆಂದರೆ ಒಂದೇ ರೂಮಿನಲ್ಲಿ ಏಳು ಜನರ ಗೊರಕೆ. ಬಿಡಿಸುವ ಯಂತ್ರವನ್ನು ನಾಲ್ಕು ಗಂಟೆ ಹಾರಿ ಬಂದು ಇನ್ನೊಮ್ಮೆ ಬಾಡಿಗೆಗೆ ಹಿಡಿಯುವುದು ಯಾಕೆ?

ಮಕ್ಕಳಿಗೆ ಇದೆಲ್ಲ ಬೇಕಾಗಿಲ್ಲ, ಅವಕ್ಕೆ ವೈಫೈ ಇದ್ದರೆ ಸಾಕು ಎನ್ನುವವರು ಅವುಗಳ ಮಾತು ಕೇಳಿಸಿಕೊಂಡಿಲ್ಲ. ವರ್ಷವಿಡೀ ಕನ್ನಡ ಶಾಲೆಯ ಮೇಷ್ಟರು ಎಳೆದರೂ ಬಾರದ ವಾಕ್ಯ, ಮೂವರು ಮಲಗುವ ಮಂಚದಲ್ಲಿ ಅಜ್ಜಿಯ ಮೊಣಕೈ ತಾಗಿದಾಗ ತಾನಾಗಿ ಬರುತ್ತದೆ: ‘ಅಜ್ಜಿ, ಜರುಗಿ!’ ಇನ್ನು ತಾತಂದಿರ ಪಾಠವೇ ಬೇರೆ. ಹುಬ್ಬಳ್ಳಿ ಕಡೆಯ ಅಜ್ಜನಾದರೆ ‘ಗಿರ್ಮಿಟ್ ದಿನ’ ಎಂಬ ಹೆಸರು ಕಿವಿಗೆ ಬಿದ್ದೊಡನೆ ಎದ್ದು ಕೂರುತ್ತಾನೆ: ಮಂಡಕ್ಕಿ ಗಿರ್ಮಿಟ್ಟಿಗೂ ಸರ್ಕಾರ ಒಂದು ದಿನ ಇಟ್ಟಿದೆಯೇ, ಜೊತೆಗೆ ಮಿರ್ಚಿ ಉಂಟೋ? ಅಲ್ಲವೆಂದು ತಿಳಿಹೇಳುವವನು ತಿಂಡಿ ಹಾಲಿನಲ್ಲಿ ರೋಟಿ ಸುಡುವ ಫಿಜಿಯ ಭಾರತೀಯ. ಅಗ್ರಿಮೆಂಟು ಎಂಬ ಪದ ಭಾರತದಿಂದ ಕರಾರಿನ ಮೇಲೆ ಬಂದ ಕೂಲಿಗಳ ಬಾಯಲ್ಲಿ ಗಿರ್ಮಿಟ್ ಆಯಿತು. 1879ರ ಮೇ 14ರಂದು ಲಿಯೊನಿಡಾಸ್ ಎಂಬ ಹಡಗು ಕಲ್ಕತ್ತೆಯಿಂದ ಮೊದಲ ತಂಡವನ್ನು ತಂದಿಳಿಸಿತು. 1903ರಿಂದ ಮದರಾಸಿನಿಂದಲೂ ಹಡಗುಗಳು ಹೊರಟವು. 1916ರ ಹೊತ್ತಿಗೆ ಬಂದವರು ಅರವತ್ತು ಸಾವಿರ, ಹೆಚ್ಚಿನವರು ಕಬ್ಬಿನ ಗದ್ದೆಗಳಿಗೆ. 2023ರಿಂದ ಆ ನೆನಪಿಗೆ ಅಲ್ಲಿ ಸರ್ಕಾರಿ ರಜೆ. ಅವರು ಬಿಟ್ಟು ಬಂದ ಅಜ್ಜಿಯರನ್ನು ಮತ್ತೆ ಕಂಡವರು ಕಮ್ಮಿ. ಅಜ್ಜ ಇದನ್ನು ಕೇಳಿ ತುಸು ಹೊತ್ತು ಸುಮ್ಮನಾಗುತ್ತಾನೆ, ಆಮೇಲೆ ಇನ್ನೆರಡು ರೋಟಿ ಹಾಕಿಸಿಕೊಳ್ಳುತ್ತಾನೆ. ಮರುದಿನ ಎಲ್ಲರೂ ನಾಂದಿ ಪೇಟೆಯ ಕೊನೆಯಲ್ಲಿರುವ ಶಿವ ಸುಬ್ರಹ್ಮಣ್ಯ ದೇವಸ್ಥಾನಕ್ಕೆ. ಗೋಪುರ ಪೂರ್ತಿ ತಮಿಳುನಾಡಿನದು, ಆದರೆ ಒಳಗಿರುವವನು ಕುಕ್ಕೆಯವನೇ ಎಂದು ಅಜ್ಜಿ ಅಲ್ಲೇ ಹರಕೆ ತೀರಿಸಿಬಿಡುತ್ತಾರೆ.

ರೆಸಾರ್ಟಿನಲ್ಲಿ ಮಿಠಾಯಿಯೊಂದಿಗೆ ಜಗ್ಗಾಡದ ಜಾಗ ಒಂದೇ ಒಂದಿದೆ. ಸಂಜೆ ಲಾಬಿಯ ಮೂಲೆಯಲ್ಲಿ ಚಾಪೆ ಹಾಸಿ, ಮರದ ಅಗಲ ಬೋಗುಣಿಯಲ್ಲಿ ‘ಕಾವಾ’ ಕಲಸುತ್ತಾರೆ. ನಮ್ಮ ಕಾಳುಮೆಣಸಿನ ಬಳ್ಳಿಯ ದಾಯಾದಿ ಗಿಡದ ಬೇರನ್ನು ಕುಟ್ಟಿ ನೀರಿಗೆ ಹಿಂಡಿದ್ದು. ನೋಡಲು ಗದ್ದೆಯ ಕೆಸರುನೀರು, ಕುಡಿದರೆ ನಾಲಿಗೆ ಜೋಮು. ಅಲ್ಲಿ ಕುರ್ಚಿಯ ಲೆಕ್ಕವಿಲ್ಲ, ರೂಮಿನ ನಂಬರು ಕೇಳುವುದಿಲ್ಲ. ಏಳು ಜನ ಬಂದರೆ ಕೂತವರು ಸರಿದು ಜಾಗ ಮಾಡುತ್ತಾರೆ, ಎಂಟನೆಯವನು ಬಂದರೆ ಇನ್ನಷ್ಟು ಸರಿಯುತ್ತಾರೆ. ಒಂದು ಸಲ ಚಪ್ಪಾಳೆ ತಟ್ಟಿ, ‘ಬುಲಾ’ ಎಂದು, ಒಂದೇ ಗುಟುಕಿಗೆ ಮುಗಿಸಿ, ಮತ್ತೆ ಮೂರು ಚಪ್ಪಾಳೆ. ತಾತ ಶುಂಠಿ ಕಷಾಯ ಕುಡಿದ ಮುಖ ಮಾಡಿಕೊಂಡು ಎರಡನೆಯ ಸುತ್ತಿಗೂ ಕೈ ಚಾಚುತ್ತಾರೆ. ಕರಟದ ಬಟ್ಟಲು ಒಂದೇ, ಅದೇ ಎಲ್ಲರ ಬಾಯಿಗೂ ಸುತ್ತಿ ಬರುತ್ತದೆ. ಅಜ್ಜಿ ಚಾಪೆಯ ಅಂಚಿನಲ್ಲಿ ಸೆರಗು ಬಿಗಿದು ಕೂತು, ಬಟ್ಟಲು ಹೋದ ದಾರಿಯನ್ನೇ ಕಣ್ಣಲ್ಲಿ ಹಿಂಬಾಲಿಸುತ್ತಾ, ಮಗನ ಕಿವಿಯಲ್ಲಿ ಕೇಳುತ್ತಾರೆ: ‘ನಡುವೆ ಒಂದು ಸಲವಾದರೂ ತೊಳೀತಾರೇನೋ?’